ಅಂಚಿನ ಬಣ್ಣ

ಸೀರೆ ಅಂಗಡಿಯ ಟ್ಯೂಬ್‌ಲೈಟನ್ನು ನಂಬದೆ, ಸೆರಗನ್ನು ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡುವವರು ನಾವು. ಕ್ಯಾಮೆರಾ ಲೆನ್ಸ್ ಆರಿಸುವುದಕ್ಕೂ ಬೇಕಾದದ್ದು ಈ ಜಾಣತನವೇ.

ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿನ ಕೃಷ್ಣಮೃಗಗಳ ಚಿತ್ರ ತೆಗೆಯಬೇಕೆಂದು ನಿವೃತ್ತಿಯ ಹಣದಲ್ಲಿ ಒಂದು ಪಾಲು ಎತ್ತಿಟ್ಟಿದ್ದೆ. ಗಂಡು ಮೃಗದ ಕಪ್ಪು ಮೈ ಬಿಳಿ ಹೊಟ್ಟೆಯನ್ನು ಸೇರುವ ಗೆರೆಯಲ್ಲಿ ಇಲ್ಲದ ನೇರಳೆ ಬಣ್ಣ ಮೂಡಿದರೆ ಚಿತ್ರ ಸುಳ್ಳಾದಂತೆಯೇ. ಅಂಗಡಿಯವರೊಬ್ಬರು ಟೆಲಿ ಲೆನ್ಸ್ ತೋರಿಸಿ, “ಇದು ಅಪೋಕ್ರೊಮ್ಯಾಟಿಕ್, ಪರೀಕ್ಷೆ ಮಾಡೋದೇ ಬೇಡ” ಎಂದರು, ನನ್ನ ಮಗನ ಮುಖ ನೋಡಿಕೊಂಡು. ದುಡ್ಡು ನನ್ನದು, ವಿವರಣೆ ಅವನಿಗೆ! ಮುಂಗಡ ಕೊಟ್ಟು, ಮೂರು ದಿನದ ಗಡುವಿಗೆ ಲೆನ್ಸ್ ತಂದೆ.

ಗಾಜು ಒಂದೊಂದು ಬಣ್ಣದ ಬೆಳಕನ್ನು ಒಂದೊಂದು ದೂರದಲ್ಲಿ ಕೂಡಿಸುತ್ತದೆ. ಸಾಧಾರಣ ಲೆನ್ಸ್ ಎರಡು ಬಣ್ಣಗಳನ್ನು ಒಂದೆಡೆ ತಂದರೆ, ಅಪೋಕ್ರೊಮ್ಯಾಟಿಕ್ ಮೂರನ್ನು ತರಬೇಕು. ಜರ್ಮನಿಯ ಅರ್ನ್‌ಸ್ಟ್ ಅಬೆ 1886ರಲ್ಲಿ ಫ್ಲೋರೈಟ್ ಖನಿಜ ಬಳಸಿ ಝೈಸ್ ಸೂಕ್ಷ್ಮದರ್ಶಕಗಳಿಗೆ ಇಂಥದ್ದನ್ನು ಸಾಧಿಸಿದ. ಆದರೆ ಕ್ಯಾಮೆರಾ ಲೆನ್ಸಿನ ಮೇಲೆ ‘ಅಪೋ’ ಎಂದು ಬರೆಯಲು ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆಗೋಲಿಲ್ಲ. ನಮ್ಮ ಕಣ್ಣೇ ಅಳತೆಗೋಲು.

ಕಡೂರಿನ ಮನೆಯಲ್ಲಿ ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಹಜಾರದ ಆ ತುದಿಯಿಂದ ಓರೆಯಾಗಿ, ಅಪರ್ಚರ್ ಪೂರ್ತಿ ತೆರೆದು ತೆಗೆದೆ. ಫೋಕಸ್ ಆದ ಸಾಲಿನ ಮುಂದಿನ ಅಕ್ಷರಗಳಿಗೆ ನೇರಳೆ, ಹಿಂದಿನವಕ್ಕೆ ಹಸಿರು ಅಂಚು ಕಂಡರೆ ಬಣ್ಣಗಳು ಕೂಡಿಲ್ಲವೆಂದು ಅರ್ಥ. ಅಂಥದ್ದೇನೂ ಕಾಣಲಿಲ್ಲ.

ಮರುದಿನ ತರೀಕೆರೆಯ ಅಡಿಕೆ ತೋಟ. ಗರಿಗಳ ಸಂದಿನಲ್ಲಿ ಸುರಿಯುವ ಬಿಸಿಲಿಗಿಂತ ಕಠಿಣ ಪರೀಕ್ಷಕರಿಲ್ಲ! ಗರಿಗಳ ಸುತ್ತ ನೇರಳೆ ಎದ್ದು ಕಂಡಿತು. ಅಪರ್ಚರನ್ನು ಎಫ್ 8ಕ್ಕೆ ಕಿರಿದು ಮಾಡಿದಾಗ ಬಹುಮಟ್ಟಿಗೆ ಮಾಯವಾಯಿತು.

ಮೂರನೆಯ ದಿನ ಅಜ್ಜಂಪುರ. ಅಲ್ಲಿ ಅಮೃತಮಹಲ್ ದನಗಳಿವೆ. ಉದ್ದನೆಯ ಕೊಂಬು, ಕಪ್ಪು ತುದಿ, ಹಿಂದೆ ಬೆಳ್ಳನೆಯ ಆಕಾಶ. ಕೊಂಬನ್ನು ಚಿತ್ರದ ಮೂಲೆಯಲ್ಲಿಟ್ಟು ತೆಗೆದರೆ ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು. ಈ ದೋಷ ಅಪರ್ಚರ್ ಕಿರಿದು ಮಾಡಿದರೂ ಹೋಗದು. ಆದರೆ ಕಂಪ್ಯೂಟರಿನಲ್ಲಿ ಸುಲಭವಾಗಿ ತಿದ್ದಬಹುದು. ತೋಟದ ನೇರಳೆಯನ್ನು ತಿದ್ದಲು ಹೊರಟರೆ ನಿಜವಾದ ಬಣ್ಣವೂ ಅಳಿಸಿಹೋದೀತು.

ಮೃಗಗಳು ಮೇಯುವುದು ಮುಂಜಾನೆಯ ಮಬ್ಬಿನಲ್ಲಿ. ಅಪರ್ಚರ್ ಪೂರ್ತಿ ತೆರೆಯದೆ ವಿಧಿಯಿಲ್ಲ. ಲೆನ್ಸ್ ಹಿಂದಕ್ಕೆ ಹೋಯಿತು, ಹಣ ಬ್ಯಾಂಕಿನಲ್ಲಿ ಉಳಿಯಿತು. ಮುಂದಿನ ಲೆನ್ಸಿಗಾಗಿ ಅಡಿಕೆ ಗರಿ, ದನದ ಕೊಂಬು ಎರಡೂ ಕಾದಿವೆ.