ಜೋಳಿಗೆ ತುಂಬಬೇಕಾದರೆ



ಜೋಳಿಗೆಯೆಂಬುದು ಜಂಗಮನ ಆಸ್ತಿ. ಅದರಲ್ಲಿ ಜೋಳ ಬೀಳುವುದುಂಟು, ಕಾಸು ಬೀಳುವುದುಂಟು. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಪೂಜ್ಯ ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಗೆ ಜನರು ತಮ್ಮ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಮಹಾನುಭಾವರನ್ನು ನೆನೆದು ಕಳೆದ ವರ್ಷ ನಾವೂ ಜೋಳಿಗೆ ಹಿಡಿದು ಹೊರಟೆವು. ಆದರೆ ನಾವು ಬೇಡಿದ್ದು ಚಟವನ್ನಲ್ಲ, ಹಣವನ್ನು.

ನಮ್ಮ ಮಠಕ್ಕೆ ಸಮೀಪದ ಪಟ್ಟಣದಲ್ಲಿ ಹದಿನೈದು ಹಾಸಿಗೆಗಳ ವ್ಯಸನಮುಕ್ತಿ ಕೇಂದ್ರವೊಂದಿದೆ. ಬರಬೇಕಾದ ಅನುದಾನ ತಡವಾಗಿ, ದಾದಿಯರ ಮೂರು ತಿಂಗಳ ಸಂಬಳ ನಿಂತಿತ್ತು. ಕಿರಾಣಿ ಅಂಗಡಿಯವರು ಉದ್ರಿ ಕೊಡುವುದನ್ನು ಬಿಟ್ಟಿದ್ದರು. ಶಾಲೆಗೆಂದರೆ ಕೊಠಡಿ ಕಟ್ಟಿಸುವ, ಗುಡಿಗೆಂದರೆ ಕಳಸ ಮಾಡಿಸುವ ಭಕ್ತರು ಈ ಮಾತಿಗೆ ಮೌನವಾದರು. “ಕುಡದು ಕೆಟ್ಟವ್ರಿಗೆ ನಾವ್ಯಾಕ ಕೊಡಬೇಕ್ರಿ, ಅಜ್ಜಾರ?” ಎಂದು ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ಒಂದು ವಾರ ಮನೆಮನೆ ತಿರುಗಿದರೂ ಕೂಡಿದ್ದು ನಾಲ್ಕು ಸಾವಿರ ರೂಪಾಯಿ.

ಇದರ ಕಾರಣವನ್ನು ಬಹಳ ಯೋಚಿಸಿದೆವು. ಶಾಲೆಯಲ್ಲಿ ಓದಿದವನು ‘ಇದು ನನ್ನ ಶಾಲೆ’ ಎಂದು ಅಭಿಮಾನದಿಂದ ದಾನ ಮಾಡುತ್ತಾನೆ. ಇಲ್ಲಿ ಗುಣ ಹೊಂದಿದವನು ‘ನಾನಿಲ್ಲಿ ಮಲಗಿದ್ದೆ’ ಎಂದು ಹೇಳಲಾರ. ಅವನ ಮಡದಿಯೂ ಹೇಳಲಾರಳು. ಉಪಕಾರ ಪಡೆದವರೆಲ್ಲ ಬಾಯಿ ಮುಚ್ಚಿಕೊಂಡಿರುವ ಸಂಸ್ಥೆಯ ಪರವಾಗಿ ಸಾಕ್ಷಿ ನುಡಿಯುವವರು ಯಾರು?

ಹಾಗೆ ಯೋಚಿಸುವಾಗ ನಮಗೆ ನಮ್ಮ ಮೌನವೇ ಎದುರಾಯಿತು. ವಿರಕ್ತನು ಪೂರ್ವಾಶ್ರಮದ ಸುದ್ದಿಯನ್ನೆತ್ತಬಾರದೆಂಬುದು ಸಂಪ್ರದಾಯ. ಅದರ ಮರೆಯಲ್ಲಿ ಮೂವತ್ತು ವರ್ಷ ಅಡಗಿಸಿದ್ದ ಸಂಗತಿಯನ್ನು ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಹೇಳಿದೆವು.

ಪೂರ್ವಾಶ್ರಮದ ನಮ್ಮ ಅಣ್ಣ ಕುಡಿತಕ್ಕೆ ಬಿದ್ದಿದ್ದ. ಆಗ ನಾವಿನ್ನೂ ಮಠದ ವಟುಗಳು. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆವು. ರಜೆಯಲ್ಲಿ ಹೋಗಿ ಇಷ್ಟಲಿಂಗದ ಮೇಲೆ ಆಣೆ ಮಾಡಿಸಿ ಕುಡಿತ ಬಿಡಿಸಿದೆವು. ಅಣ್ಣ ಮಾತಿಗೆ ತಪ್ಪಲಿಲ್ಲ. ಮೂರನೆಯ ದಿನ ಕೈಕಾಲು ನಡುಗತೊಡಗಿದವು. ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗಾಡಿದ, ಮೂರ್ಛೆ ಬಂದಿತು. ಗಾಳಿ ಸೋಕಿದೆಯೆಂದು ಮನೆಯವರು ವಿಭೂತಿ ಹಚ್ಚಿದರು; ನಾವು ಮಂತ್ರ ಪಠಿಸಿದೆವು. ಬೆಳಗಾಗುವ ಮುನ್ನ ಅಣ್ಣನ ಪ್ರಾಣ ಹೋಗಿತ್ತು.

ಬಹುಕಾಲ ನಿತ್ಯವೂ ಮದ್ಯ ಕಂಡ ದೇಹಕ್ಕೆ ಅದು ಹಠಾತ್ತನೆ ನಿಂತರೆ, ಎರಡು ಮೂರು ದಿನಗಳಲ್ಲಿ ಸನ್ನಿ, ಮೂರ್ಛೆಗಳು ತಲೆದೋರಿ ಪ್ರಾಣಕ್ಕೇ ಮುಳುವಾಗಬಹುದು. ವೈದ್ಯರ ಕಣ್ಗಾವಲಿನಲ್ಲಿ ಔಷಧಿಯೂ ಬಿ-1 ಜೀವಸತ್ವವೂ ದೊರೆತರೆ ಆ ಗಂಡಾಂತರವನ್ನು ಬಹುಮಟ್ಟಿಗೆ ದಾಟಬಹುದು. ಇದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಸಂಕಲ್ಪವು ವ್ಯಸನಿಯದೇ ಆಗಬೇಕು, ನಿಜ. ಆದರೆ ಆ ಸಂಕಲ್ಪವು ಮೂರನೆಯ ರಾತ್ರಿಯನ್ನು ದಾಟಲು ಹಾಸಿಗೆ ಬೇಕು, ವೈದ್ಯರು ಬೇಕು, ಎಚ್ಚರವಾಗಿರುವ ದಾದಿ ಬೇಕು. ಅದನ್ನೊದಗಿಸುವುದು ಸಮಾಜದ ದಾಸೋಹ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಉಳಿದ 37 ಜನರಲ್ಲಿ ನಮ್ಮ ಅಣ್ಣನಂಥವರು ಎಷ್ಟು ಮಂದಿಯೋ!

ಗೋಷ್ಠಿ ಮುಗಿದಾಗ ಯಾರೂ ಮಾತನಾಡಲಿಲ್ಲ. ಎಲ್ಲರೂ ಹೋದ ಮೇಲೆ, ಮೊದಲು ಆಕ್ಷೇಪಿಸಿದ್ದ ಆ ಹಿರಿಯರು ಬಳಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಅಲ್ಲಿ ಡಾಕ್ಟರು ಯಾವ ಹೊತ್ತಿಗೆ ಇರ್ತಾರ್ರಿ?” ನಾವು ಹೇಳಿದೆವು; ಯಾರಿಗಾಗಿ ಎಂದು ಕೇಳಲಿಲ್ಲ. ಆ ತಿಂಗಳಿಂದ ಜೋಳಿಗೆಗೆ ಹೆಸರಿಲ್ಲದ ಲಕೋಟೆಗಳು ಬೀಳತೊಡಗಿದವು. ದಾದಿಯರ ಬಾಕಿ ತೀರಿತು.

ಆದರೆ ಸಂಬಳವು ತಿಂಗಳು ತಿಂಗಳೂ ಬರುವ ಖರ್ಚು. ಆದ್ದರಿಂದ ಹೆಸರು ಕೆತ್ತಿಸುವ ಕಟ್ಟಡವನ್ನು ನಾವು ಕೇಳುತ್ತಿಲ್ಲ. ನಿಮ್ಮ ಊರಿನ ಸಮೀಪದಲ್ಲಿರುವ ಇಂಥ ಕೇಂದ್ರಕ್ಕೆ ಪ್ರತಿ ತಿಂಗಳೂ ಕೈಲಾದಷ್ಟು ಸಲ್ಲಿಸಿರಿ. ಅದೂ ಆಗದಿದ್ದರೆ, ನಿಮ್ಮ ಮನೆಯ ಮುಚ್ಚಿಟ್ಟ ನೋವನ್ನು ನಂಬಿಗಸ್ತರೊಬ್ಬರ ಮುಂದೆ ಆಡಿರಿ. ನಾವು ಮೂವತ್ತು ವರ್ಷ ತಡಮಾಡಿದೆವು. ನೀವು ತಡಮಾಡಬೇಡಿರಿ.