ಚೆಂಡು ಬಿದ್ದಲ್ಲಿಂದಲೇ

ಪರೀಕ್ಷೆಯಲ್ಲಿ ನಕಲು ಮಾಡಿದವರನ್ನು ನಾನು ಎಂದೂ ಸುಮ್ಮನೆ ಬಿಟ್ಟವನಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ನೆನಪಿರಬೇಕು. ಅಂಥ ಮೇಷ್ಟ್ರೇ ಸಿಕ್ಕಿಬಿದ್ದ ಪ್ರಸಂಗವನ್ನು ಇಂದು ಒಪ್ಪಿಸುತ್ತಿದ್ದೇನೆ.

2019ರ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನನಗೆ ಗಾಲ್ಫ್ ಕಲಿಸಿದರು. ಸಮನೆಲದ ಮೇಲಿನ ಚೆಂಡನ್ನು ಹೇಗೋ ಹೊಡೆಯುತ್ತಿದ್ದೆ. ಕಷ್ಟವೆಲ್ಲ ಅದು ಸಲ್ಲದ ಕಡೆ ಬಿದ್ದಾಗ. ಇಳಿಜಾರಿನಲ್ಲಿ ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ವಾಲುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಗುರಿಯನ್ನೇ ಅಷ್ಟು ಪಕ್ಕಕ್ಕೆ ಹಿಡಿಯಬೇಕು. ಮರಳಿನ ಗುಂಡಿಯಲ್ಲಿ ಚೆಂಡಿಗೆ ಹೊಡೆಯದೆ, ಅದರ ಹಿಂದೆ ಒಂದೆರಡು ಅಂಗುಲ ಬಿಟ್ಟು ಮರಳಿಗೆ ಹೊಡೆಯಬೇಕು. ಚಿಮ್ಮುವ ಮರಳೇ ಚೆಂಡನ್ನು ಎತ್ತಿ ಹಾಕುತ್ತದೆ. ಎಲ್ಲಿ ಬಿದ್ದರೂ ಬಿದ್ದಲ್ಲಿಂದಲೇ ಆಡಬೇಕೆಂಬುದು ಈ ಆಟದ ಮೂಲ ಧರ್ಮ.

ಒಂದು ಸಂಜೆ ನನ್ನ ಚೆಂಡು ಮರದ ಬೇರುಗಳ ನಡುವೆ ಸಿಕ್ಕಿಕೊಂಡಿತು. ಅಳಿಯಂದಿರು ದೂರದಲ್ಲಿದ್ದರು. ಬೂಟಿನ ತುದಿಯಿಂದ ಅದನ್ನು ಗೇಣುದ್ದ ಸರಿಸಿದೆ. ಹಿಂದೆಯೇ ನಿಂತಿದ್ದ ಒಂಬತ್ತು ವರ್ಷದ ಮೊಮ್ಮಗಳು, "ಅಜ್ಜ, ಚೆಂಡು ಅಲ್ಲಿತ್ತಲ್ವಾ?" ಎಂದಳು. "ಗಾಳಿಗೆ ಸರಿಯಿತು ಪುಟ್ಟಿ" ಎಂದುಬಿಟ್ಟೆ. ಅವಳು ನಂಬಿ ತಲೆಯಾಡಿಸಿದಳು. ಆ ನಂಬಿಕೆಯೇ ನನ್ನನ್ನು ಚುಚ್ಚಿತು.

ರಾತ್ರಿ ಊಟಕ್ಕೆ ಕುಳಿತಾಗ, ಇದೇನೂ ತಿಳಿಯದ ಅಳಿಯಂದಿರು ಬಾಬಿ ಜೋನ್ಸ್ ಕಥೆ ಹೇಳಿದರು. 1925ರ ಯು.ಎಸ್. ಓಪನ್ ಪಂದ್ಯಾವಳಿಯ ಮೊದಲ ಸುತ್ತು. ಎತ್ತರದ ಹುಲ್ಲಿನಲ್ಲಿದ್ದ ಚೆಂಡನ್ನು ಹೊಡೆಯಲು ಜೋನ್ಸ್ ಸಿದ್ಧನಾಗುವಾಗ ಅದು ಕೊಂಚ ಅಲುಗಿತು. ಬೇರಾರೂ ಕಾಣಲಿಲ್ಲ. ಆತ ತಾನೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡ. ನಾಲ್ಕು ಸುತ್ತು ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮವಾಯಿತು. ಮರುದಿನದ 36 ಕುಳಿಗಳ ನಿರ್ಣಾಯಕ ಆಟದಲ್ಲಿ ಒಂದೇ ಹೊಡೆತದಿಂದ ಸೋತ. ಆ ದಂಡ ಇಲ್ಲದಿದ್ದರೆ ಗೆಲುವು ನಾಲ್ಕನೆಯ ಸುತ್ತಿಗೇ ಅವನದಾಗುತ್ತಿತ್ತು.

ಅಂದು ನಿದ್ರೆ ಹತ್ತಲಿಲ್ಲ. ಬೇರಿನ ನಡುವಿನ ಚೆಂಡಿಗಿಂತ ಈ ಸುಳ್ಳನ್ನು ಹೊರತೆಗೆಯುವುದು ಕಷ್ಟವೆನಿಸಿತು. ಬೆಳಗ್ಗೆ ಕಾಫಿಯ ಹೊತ್ತಿಗೆ ಮೊಮ್ಮಗಳನ್ನು ಕೂರಿಸಿಕೊಂಡು, "ಗಾಳಿಯಲ್ಲ, ನಾನೇ ಸರಿಸಿದ್ದು" ಎಂದೆ.

ಅವಳು ಬೈಯಲಿಲ್ಲ, ನಗಲೂ ಇಲ್ಲ. ಅಪ್ಪನನ್ನು ನಿಯಮ ಕೇಳಿದಳು. ಸರಿಸಿದ ಚೆಂಡನ್ನು ಮೊದಲಿದ್ದಲ್ಲಿಗೆ ಇಡದೆ ಆಡಿದರೆ ದಂಡ ಎರಡು ಹೊಡೆತ. ಹಿಂದಿನ ದಿನದ ಅಂಕಪಟ್ಟಿ ತಂದು, ಪೆನ್ಸಿಲಿನಿಂದ ನನ್ನ ಎಂಟನ್ನು ಹೊಡೆದುಹಾಕಿ, ಹತ್ತು ಎಂದು ದುಂಡಗೆ ಬರೆದಳು.

ಆ ಚೀಟಿ ಇಂದಿಗೂ ನನ್ನ ಬಳಿಯಿದೆ.