ಹಜ್ಜಿಗೆ ಹೊರಟವರ ಲೆಕ್ಕ

ಎಪ್ಪತ್ತರ ದಶಕದಲ್ಲಿ ನಮ್ಮ ಕೋಟದ ಕಡೆ ಯಾರಾದರೂ ಹಜ್ಜಿಗೆ ಹೊರಟರೆ ಊರಿಗೆಲ್ಲ ತಿಳಿಯುತ್ತಿತ್ತು. ಹೊರಡುವ ಮೊದಲು ಅವರೇ ಮನೆಮನೆಗೆ ಬರುತ್ತಿದ್ದರು. ನಮ್ಮ ತೋಟದ ಕಾಯಿ ಕೊಳ್ಳುತ್ತಿದ್ದ ಸಾಯ್ಬರು ಹಾಗೆ ಬಂದು ಅಂಗಳದಲ್ಲಿ ನಿಂತದ್ದು, ಕಿಸೆಯಿಂದ ಮಡಚಿದ ಚೀಟಿ ತೆಗೆದು ಹಿಂದಿನ ಕೊಯ್ಲಿನ ಬಾಕಿ ಓದಿದ್ದು, ನೋಟು ಎಣಿಸಿ ಜಗಲಿಯ ಅಂಚಿಗೆ ಇಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ. "ಕಾಯಿ ಲೆಕ್ಕ ಹೆಚ್ಚುಕಮ್ಮಿ ಆಯಿದ್ರೆ ಬಿಟ್ಬಿಡಿ ಅಯ್ಯ, ಮಾತು ತಪ್ಪಿದ್ರೂ ಬಿಟ್ಬಿಡಿ" ಎಂದರು. ಅಜ್ಜಯ್ಯ "ಎಂತದೂ ಇಲ್ಲೆ, ಹೋಯ್ ಬನ್ನಿ" ಎಂದರು.

ಅವರು ಅಂಗಳದಲ್ಲೇ ನಿಂತಿದ್ದರು ಎಂಬುದನ್ನೂ ಬರೆಯಬೇಕು. ಜಗಲಿ ಹತ್ತುವ ಪದ್ಧತಿ ಇರಲಿಲ್ಲ. ನೀರು ಬೆಲ್ಲ ಕೊಡಲು ಬೇರೆಯೇ ಲೋಟವಿತ್ತು. ಆಗ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದೆವು ಎಂದು ನನ್ನ ಓರಗೆಯವರು ಹೇಳುವಾಗ ನಾನು ಹೌದೆನ್ನಲಾರೆ. ವ್ಯವಹಾರ ಚೊಕ್ಕವಾಗಿತ್ತು, ಮಾತಿಗೆ ಬೆಲೆಯಿತ್ತು. ಆದರೆ ಒಬ್ಬರ ಬದುಕು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಬಾಕಿ ತೀರಿಸಿ ಕ್ಷಮೆ ಕೇಳುವುದು ಹಜ್ಜಿನ ಸಿದ್ಧತೆಯ ಭಾಗವೇ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ. ಹಜ್ಜು ಕಡ್ಡಾಯವಾಗುವುದು ಶಕ್ತಿ ಇದ್ದವರಿಗೆ ಮಾತ್ರ. ಸಾಲ ತೀರಿರಬೇಕು, ತಾನು ಮರಳುವವರೆಗೆ ಮನೆಯವರ ಊಟದ ಖರ್ಚು ಮನೆಯಲ್ಲಿರಬೇಕು, ಮೈಯಲ್ಲಿ ಕಸುವಿರಬೇಕು. ಇದು ನನಗೆ ತಿಳಿಯುವ ಹೊತ್ತಿಗೆ ತಲೆ ನರೆತಿತ್ತು.

ಆಗಿನ ದಾರಿ ದೊಡ್ಡದು. ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಬಸ್ಸಿನಲ್ಲಿ ಬೊಂಬಾಯಿ, ಅಲ್ಲಿ ಮುಸಾಫಿರಖಾನೆಯಲ್ಲಿ ವಾಸ, ಆಮೇಲೆ ಮೊಗಲ್ ಲೈನ್ ಕಂಪೆನಿಯ ಹಡಗು ಹತ್ತಿ ಜಿದ್ದಾ. ಹೋದವರು ಬರುವವರೆಗೆ ಸುದ್ದಿಯಿಲ್ಲ. ವಯಸ್ಸಾದವರು ಮರಳಿ ಬಾರದೆ ಇರುವುದೂ ಉಂಟೆಂದು ತಿಳಿದೇ ಕಳಿಸುತ್ತಿದ್ದರು. ಆ ಹಡಗಿನ ಯಾತ್ರೆ 1995ಕ್ಕೆ ನಿಂತಿತು.

ಈಗ ಅರ್ಜಿ ಮೊಬೈಲಿನಲ್ಲಿ. ಭಾರತಕ್ಕೆ ಸಿಗುವ ಜಾಗ ಈಚಿನ ವರ್ಷಗಳಲ್ಲಿ 1,75,025. ಹಂಚಿಕೆಯಾದ ಜಾಗಕ್ಕಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಕೆಲವು ವರ್ಷ ಮಂಗಳೂರಿನಿಂದಲೇ ಹಜ್ ವಿಮಾನ ಹಾರಿತು. ಈಗ ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರಿಗೆ ಹೋಗಿ ಹತ್ತುತ್ತಾರೆ. ಸರಕಾರದ ಸಹಾಯಧನ 2018ರಲ್ಲಿ ನಿಂತಿತು. ಅದು ಇನ್ನೂ ಇದೆ ಎಂದು ಬಸ್ ಸ್ಟಾಂಡಿನಲ್ಲಿ ಜಗಳ ಮಾಡುವವರು ಈಗಲೂ ಇದ್ದಾರೆ. ಅದೇ ವರ್ಷದಿಂದ, 45 ದಾಟಿದ ಹೆಂಗಸರು ಗಂಡಸರ ಜೊತೆಯಿಲ್ಲದೆ ಗುಂಪಾಗಿ ಹೋಗಲು ಅವಕಾಶವಾಯಿತು.

ಈಚೆಗೆ ಕರಾವಳಿಯ ಕೆಲವು ಮಸೀದಿಗಳು ಎಲ್ಲ ಜಾತಿಯವರನ್ನೂ ಕರೆದು ಒಳಗೆ ತೋರಿಸುತ್ತಿವೆ. ಕುಂದಾಪುರದ ಕಡೆಯ ಅಂಥ ಒಂದು ಮಸೀದಿಗೆ ನಾನೂ ಹೋದೆ. ಕೈ ಮಣಿಗಂಟಿನವರೆಗೆ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆಗೆ ಒದ್ದೆ ಕೈ, ಕೊನೆಗೆ ಹರಡಿನವರೆಗೆ ಪಾದ: ತೊಳೆಯುವ ಕ್ರಮವನ್ನು ಹುಡುಗನೊಬ್ಬ ಮಾಡಿ ತೋರಿಸಿದ. ಒಳಗೆ ಮೂರ್ತಿಯಿಲ್ಲ, ಪಟವಿಲ್ಲ. ಗೋಡೆಯಲ್ಲಿ ಒಂದು ಕಮಾನಿನ ಗೂಡು. ಮೆಕ್ಕಾದ ದಿಕ್ಕು ಅದು. ನಮ್ಮೂರಿಂದ ಅದು ಪಡುವಲು, ತುಸು ಬಡಗಲಿಗೆ ವಾಲಿ, ಅಂದರೆ ನೇರ ಕಡಲಿನ ಕಡೆ.

ಹಾಗಾದರೆ ನೀವು ಕಾಬಾದ ಕಲ್ಲನ್ನು ಪೂಜಿಸುತ್ತೀರಾ ಎಂದು ಒಬ್ಬರು ಕೇಳಿದರು. ಇಲ್ಲ, ಅದು ಎಲ್ಲರೂ ಮುಖ ಮಾಡುವ ದಿಕ್ಕು, ಮೊದಲು ಜೆರುಸಲೇಮಿನ ಕಡೆಗಿತ್ತು, ಪ್ರವಾದಿಗಳು ಮದೀನಕ್ಕೆ ಬಂದ ಮೇಲೆ ಬದಲಾಯಿತು ಎಂದು ಮಸೀದಿಯ ಉಸ್ತಾದರು ಸಮಾಧಾನವಾಗಿ ಹೇಳಿದರು. ನನಗೆ ಬಹಳ ವರ್ಷದಿಂದ ಒಂದು ಸಂಶಯವಿತ್ತು: ಸಂಜೆ ಮುಂಚಿನ ಅಸರ್ ಬಾಂಗು ಒಂದು ಮಸೀದಿಯಲ್ಲಿ ಆಗಿ ಎಷ್ಟೋ ಹೊತ್ತಿನ ಮೇಲೆ ಇನ್ನೊಂದರಲ್ಲಿ ಯಾಕೆ? ಅದಕ್ಕೂ ಅಲ್ಲಿ ಉತ್ತರ ಸಿಕ್ಕಿತು. ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿ ಪದ್ಧತಿಯವರು. ಉರ್ದು ಮಾತಿನವರು ಹೆಚ್ಚಾಗಿ ಹನಫಿ. ನಡು ಮಧ್ಯಾಹ್ನದ ನೆರಳನ್ನು ಕಳೆದು, ನಿಲ್ಲಿಸಿದ ಕೋಲಿನ ನೆರಳು ಕೋಲಿನಷ್ಟೇ ಉದ್ದವಾದಾಗ ಶಾಫಿಗಳ ಅಸರ್ ಹೊತ್ತು. ಎರಡು ಪಟ್ಟಾದಾಗ ಹನಫಿಗಳದು. ದಿನಾ ಕಿವಿಗೆ ಬೀಳುತ್ತಿದ್ದ ಸಂಗತಿಗೆ ಇಷ್ಟು ಸ್ಪಷ್ಟ ಕಾರಣವಿತ್ತು.

ಹಜ್ಜಿನ ಇಹ್ರಾಮಿನ ಬಟ್ಟೆಯನ್ನೂ ಬಿಡಿಸಿ ತೋರಿಸಿದರು. ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಿಳಿ ತುಂಡು, ನಮ್ಮ ಭಟ್ಟರ ಪಂಚೆ ಶಾಲಿನ ಹಾಗೆಯೇ. ಅದನ್ನು ತೊಟ್ಟ ಮೇಲೆ ಬೇಟೆಯಿಲ್ಲ, ಜಗಳವಿಲ್ಲ, ಕೂದಲು ಉಗುರು ಕತ್ತರಿಸುವಂತಿಲ್ಲ. ಕಾಬಾಕ್ಕೆ ಏಳು ಸುತ್ತು, ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ, ಹಜ್ಜಿನ ತಿಂಗಳ ಒಂಬತ್ತನೆಯ ದಿನ ಅರಫಾ ಬಯಲು. ಆ ಬಯಲಿನಲ್ಲಿ ನಿಲ್ಲುವುದು ತಪ್ಪಿದರೆ ಹಜ್ಜೇ ಇಲ್ಲ. ಹೆಂಗಸರು ಈ ಮಸೀದಿಗೆ ಬರುತ್ತಾರಾ ಎಂದು ನಮ್ಮ ಜೊತೆಯ ಟೀಚರು ಕೇಳಿದಾಗ ಉತ್ತರ ಸ್ವಲ್ಪ ತಡವರಿಸಿತು. ಮೆಕ್ಕಾದಲ್ಲಿ ಹೆಂಗಸರೂ ಮಸೀದಿಯಲ್ಲೇ ನಮಾಜು ಮಾಡುತ್ತಾರೆ. ನಮ್ಮ ಕರಾವಳಿಯ ಹಳೆಯ ಪದ್ಧತಿಯ ಮಸೀದಿಗಳಲ್ಲಿ ಅದು ರೂಢಿಯಲ್ಲಿಲ್ಲ, ಕೆಲವು ಕಡೆ ಪ್ರತ್ಯೇಕ ಜಾಗವಿದೆ. ತಡವರಿಸಿದರೂ ಇದ್ದದ್ದನ್ನು ಇದ್ದಂತೆ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಕರಾವಳಿಯ ಮುಸ್ಲಿಮರು ಎಲ್ಲಿಂದ ಬಂದವರು ಎಂಬ ಪ್ರಶ್ನೆಯೂ ಈಗ ಜೋರಾಗಿದೆ. ಕೋಟದ ಮಗ್ಗುಲಿನ ಬಾರಕೂರಿಗೆ ಪ್ರವಾಸಿ ಇಬ್ನ್ ಬತೂತ ಬಂದದ್ದು 1342ರ ಸುಮಾರಿಗೆ. ಅವನು ಅದನ್ನು ಫಾಕನೂರು ಎಂದು ಬರೆದ: ಒಳ್ಳೆಯ ಕಬ್ಬು, ಮುಸ್ಲಿಮರ ಒಂದು ಸಮುದಾಯ, ಒಬ್ಬ ಖಾಜಿ, ಶುಕ್ರವಾರದ ನಮಾಜಿಗೆ ಒಂದು ಮಸೀದಿ. ಅಲ್ಲಿಯ ಹಿಂದೂ ಅರಸನ ಯುದ್ಧದ ಹಡಗುಗಳ ನಾಯಕನೂ ಮುಸ್ಲಿಮನೇ. ಅಂದರೆ ಸಾಹಿತಿ ಶಿವರಾಮ ಕಾರಂತರು ಕೋಟದಲ್ಲಿ ಹುಟ್ಟುವುದಕ್ಕೆ ಐನೂರು ವರ್ಷಕ್ಕೂ ಮೊದಲೇ ಇಲ್ಲಿ ಬಾಂಗು ಕೇಳುತ್ತಿತ್ತು.

2022ರ ಫೆಬ್ರುವರಿಯಲ್ಲಿ ಹಿಜಾಬು ತೊಟ್ಟ ಹುಡುಗಿಯರ ಎದುರು ಕುಂದಾಪುರದಲ್ಲಿ ಕಾಲೇಜಿನ ಗೇಟು ಮುಚ್ಚಿತು. ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆ ತಿಂಗಳುಗಳಲ್ಲಿ ನನ್ನ ಮೊಬೈಲಿಗೆ ಇಸ್ಲಾಮಿನ ಬಗ್ಗೆ ಬಂದು ಬಿದ್ದದ್ದು ಅಜ್ಜಯ್ಯನ ಇಡೀ ಆಯುಷ್ಯದಲ್ಲಿ ಕಿವಿಗೆ ಬಿದ್ದದ್ದಕ್ಕಿಂತ ಹೆಚ್ಚು. ಕಳಿಸಿದವರಲ್ಲಿ ಒಬ್ಬರೂ ಪಕ್ಕದ ಮನೆಯವರನ್ನು ಕೇಳಿ ಬರೆದವರಲ್ಲ. ಅಂಗಳದಲ್ಲಿ ನಿಲ್ಲಿಸಿದ ಕಾಲಕ್ಕಿಂತ ಇದು ಕೆಟ್ಟದ್ದೆಂದೇ ನನ್ನ ತೀರ್ಮಾನ. ಆಗ ನಮಗೆ ಗೊತ್ತಿರಲಿಲ್ಲ. ಈಗ ಸುಳ್ಳು ಗೊತ್ತಿದೆ.

ಸಂಶಯವಿದ್ದರೆ ಹೋಗಿ ಕೇಳಿ. ಶುಕ್ರವಾರ ಮಧ್ಯಾಹ್ನದ ಗಡಿಬಿಡಿ ಬಿಟ್ಟು ಬೇರೆ ಹೊತ್ತು ನೋಡಿ, ಜಮಾತಿನವರಿಗೆ ಮೊದಲೇ ಒಂದು ಮಾತು ತಿಳಿಸಿ, ಚಪ್ಪಲಿ ಹೊರಗೆ ಬಿಡಿ. ಅವರನ್ನು ನಿಮ್ಮ ಮನೆಗೂ ಕರೆಯಿರಿ, ಜಗಲಿಯ ಮೇಲೆ ಕೂರಿಸಿ.